ಡ್ರಿಲ್ ಹಿಡಿಯುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಒಳಗೇ ವಾಸಿಸಬಹುದಾದ ನಿನ್ನ ಪ್ರವಾಸದ ಗಾಡಿಯಾದ ಮೋಟರ್‌ಹೋಮಿನ ಹಿಂಬದಿಗೆ ಸೈಕಲ್ ರ‍್ಯಾಕ್ ಕೂರಿಸಲು ಎಲ್ಲವೂ ಸಿದ್ಧವಾಗಿದೆ, ಇನ್ನುಳಿದಿರುವುದು ಗೋಡೆಗೆ ರಂಧ್ರ ಕೊರೆಯುವುದಷ್ಟೇ ಎಂದು ಬರೆದಿದ್ದೀಯೆ. ಆ ರಂಧ್ರಗಳು ಬೀಳುವುದಕ್ಕೆ ಮುಂಚೆಯೇ ಈ ಪತ್ರ ನಿನ್ನ ಕೈ ಸೇರಲಿ ಎಂದು ಇಂದೇ ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ಡ್ರಿಲ್ ಹಿಡಿಯುವುದು ಕಡೆಯ ಹಂತ. ಹಿಂದಿನ ಆಕ್ಸಲ್, ಅಂದರೆ ಹಿಂದಿನ ಚಕ್ರಗಳ ಅಚ್ಚು, ಈ ಹೆಚ್ಚಿನ ಭಾರವನ್ನು ತಾಳುತ್ತದೆಯೇ, ಹಿಂಬದಿಯ ಗೋಡೆಯೊಳಗೆ ಬೋಲ್ಟನ್ನು ಹಿಡಿದು ನಿಲ್ಲಿಸುವಂಥದ್ದು ಏನಾದರೂ ಇದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಡ್ರಿಲ್ ಪೆಟ್ಟಿಗೆಯಲ್ಲೇ ಇರಲಿ. ಇದೇ ಯೋಚನೆಯಲ್ಲಿರುವ ಬೇರೆಯವರಿಗೂ ಉಪಯೋಗವಾದೀತೆಂದು ಪತ್ರವನ್ನು ಎಲ್ಲರೂ ಓದುವಂತೆ ಹಂಚಿಕೊಳ್ಳುತ್ತಿದ್ದೇನೆ. ನೀನು ಬೇಡವೆನ್ನಲಾರೆ ಎಂಬ ನಂಬಿಕೆ ನನಗಿದೆ.

ಮೊದಲು ಭಾರದ ವಿಚಾರ. ಮಾಮೂಲಿ ಸೈಕಲ್ 12ರಿಂದ 15 ಕೆ.ಜಿ. ತೂಗುತ್ತದೆ. ನಿಮ್ಮಿಬ್ಬರದೂ ಬ್ಯಾಟರಿ ಸೈಕಲ್‌ಗಳಾದ್ದರಿಂದ ಒಂದೊಂದಕ್ಕೂ 25 ಕೆ.ಜಿ. ಎಂದು ಹಿಡಿಯೋಣ. ರ‍್ಯಾಕಿನದೇ ತೂಕ ಒಂದು ಹತ್ತು ಕೆ.ಜಿ. ಸೇರಿಸಿದರೆ ಒಟ್ಟು 60 ಆಯಿತು. ಮೂರೂವರೆ ಟನ್ನಿನ ಗಾಡಿಗೆ ಇದು ಯಾವ ಲೆಕ್ಕ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಆ ಭಾರ ಕೂರುವುದು ಹಿಂದಿನ ಚಕ್ರಗಳ ಮೇಲಲ್ಲ, ಅವುಗಳನ್ನು ದಾಟಿ ಹೊರಚಾಚಿಕೊಂಡಿರುವ ಬಾಲದ ತುದಿಯಲ್ಲಿ. ಏತದ ಒಂದು ತುದಿ ಕೆಳಗಿಳಿದರೆ ಇನ್ನೊಂದು ಮೇಲೇಳುವಂತೆ, ಹಿಂಬದಿಗೆ ನೇತುಹಾಕಿದ ಪ್ರತಿ ಕಿಲೋ ಗಾಡಿಯ ಮೂತಿಯನ್ನು ಅಷ್ಟಿಷ್ಟು ಮೇಲಕ್ಕೆತ್ತುತ್ತದೆ. ಲೆಕ್ಕ ಹಾಕಿ ನೋಡು: ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ವರೆಗೆ 4 ಮೀಟರ್, ಅಲ್ಲಿಂದ ಸೈಕಲ್‌ಗಳ ನಡುಮಧ್ಯದವರೆಗೆ 2.4 ಮೀಟರ್ ಇದೆ ಎಂದಿಟ್ಟುಕೊಂಡರೆ, 60ನ್ನು 2.4ರಿಂದ ಗುಣಿಸಿ 4ರಿಂದ ಭಾಗಿಸಿದಾಗ 36 ಬರುತ್ತದೆ. ಅಂದರೆ ಮುಂದಿನ ಚಕ್ರಗಳ ಮೇಲಿನ ಭಾರ 36 ಕೆ.ಜಿ. ಇಳಿಯುತ್ತದೆ, ಆ ಇಳಿದ ಭಾರವೂ ಹಿಂದಕ್ಕೇ ಸೇರುವುದರಿಂದ ಹಿಂದಿನ ಆಕ್ಸಲ್ ಮೇಲೆ ಏರುವುದು 60 ಅಲ್ಲ, 96 ಕೆ.ಜಿ. ನಿನ್ನ ಗಾಡಿಯ ಅಳತೆಯನ್ನು ಟೇಪು ಹಿಡಿದು ತೆಗೆದುಕೊಂಡು ಇದೇ ಲೆಕ್ಕವನ್ನು ಮಾಡು.

ಫಿಯಾಟ್ ಡುಕಾಟೊದಂತೆ ಮುಂದಿನ ಚಕ್ರಗಳೇ ಎಳೆಯುವ ಗಾಡಿಗಳಲ್ಲಿ ಇದರ ಪರಿಣಾಮ ಬೇಗ ಕಾಣುತ್ತದೆ. ಒದ್ದೆ ಹುಲ್ಲಿನ ಮೇಲೆ ಹೊರಡುವಾಗ, ಏರುದಾರಿಯಲ್ಲಿ ನಿಂತು ಮತ್ತೆ ಚಲಿಸುವಾಗ ಮುಂದಿನ ಚಕ್ರಗಳು ಹಿಡಿತ ಸಿಗದೆ ಸುತ್ತತೊಡಗುತ್ತವೆ. ಸ್ಟಿಯರಿಂಗ್ ಕೂಡ ಹಗುರವಾದಂತೆ ಅನ್ನಿಸುತ್ತದೆ. ಆದ್ದರಿಂದ ಗಾಡಿಯನ್ನು ಪ್ರವಾಸಕ್ಕೆ ಹೊರಡುವ ದಿನ ಹೇಗಿರುತ್ತದೋ ಹಾಗೆಯೇ ತುಂಬಿಸಿ, ನೀರು, ಗ್ಯಾಸ್ ಸಿಲಿಂಡರ್, ಬಟ್ಟೆಬರೆ, ಕೂರುವ ಜನ ಎಲ್ಲವೂ ಸೇರಿದಂತೆ, ವಾಹನಗಳನ್ನು ತೂಗುವ ಕಟ್ಟೆಯಾದ ವೇಬ್ರಿಜ್‌ಗೆ ಒಯ್ದು ತೂಗಿಸು. ಒಮ್ಮೆ ಇಡೀ ಗಾಡಿಯನ್ನು, ಇನ್ನೊಮ್ಮೆ ಹಿಂದಿನ ಚಕ್ರಗಳನ್ನು ಮಾತ್ರ ಕಟ್ಟೆಯ ಮೇಲೆ ನಿಲ್ಲಿಸಿ ತೂಗಿಸಬೇಕು. ಒಟ್ಟು ತೂಕ ಮಿತಿಯೊಳಗಿದ್ದೂ ಹಿಂದಿನ ಆಕ್ಸಲ್ ಮಾತ್ರ ಮಿತಿ ಮೀರಿರುವುದು, ಬಾಲ ಉದ್ದವಾಗಿರುವ ಗಾಡಿಗಳಲ್ಲಿ ಅಪರೂಪವೇನಲ್ಲ. ತಯಾರಕರು ಗಾಡಿಗೆ ಅಂಟಿಸಿರುವ ತೂಕದ ಫಲಕದಲ್ಲಿ ಒಟ್ಟು ಮಿತಿಯ ಜೊತೆಗೆ ಪ್ರತಿ ಆಕ್ಸಲ್‌ನ ಮಿತಿಯೂ ಬೇರೆಬೇರೆಯಾಗಿ ಇರುತ್ತದೆ. 1 ಎಂದರೆ ಮುಂದಿನದು, 2 ಎಂದರೆ ಹಿಂದಿನದು. ವೇಬ್ರಿಜ್ ಚೀಟಿಯಲ್ಲಿ ಬಂದ ಹಿಂದಿನ ಆಕ್ಸಲ್ ತೂಕಕ್ಕೆ ನಿನ್ನ ಲೆಕ್ಕದ ಕೆ.ಜಿ.ಗಳನ್ನು ಕೂಡಿಸಿ ಈ ಎರಡನೆಯ ಅಂಕಿಯೊಂದಿಗೆ ಹೋಲಿಸಿದರೆ ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕಿಬಿಡುತ್ತದೆ. ಮೊತ್ತ ಮಿತಿ ಮೀರುವಂತಿದ್ದರೆ ಹಿಂಬದಿಯ ಡಿಕ್ಕಿಯಲ್ಲಿರುವ ಭಾರದ ಸಾಮಾನನ್ನು ಎರಡು ಆಕ್ಸಲ್‌ಗಳ ನಡುವೆ ತಂದಿಡಬಹುದು. ಅಷ್ಟಾದರೂ ಸಾಲದಿದ್ದರೆ ಸೈಕಲ್‌ಗಳು ಹಿಂದೆ ಬರುವಂತಿಲ್ಲ, ಈ ಮಾತಿನಲ್ಲಿ ನಾನು ರಾಜಿಯಾಗಲಾರೆ.

ಇನ್ನು ಗೋಡೆ. ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟಾಗಿ ಕಾಣುವ ಆ ಗೋಡೆ ಹೆಚ್ಚಿನ ಮೋಟರ್‌ಹೋಮ್‌ಗಳಲ್ಲಿ ಮೂರು ಪದರಗಳ ಹಾಳೆ. ಹೊರಗೆ ತೆಳುವಾದ ಅಲ್ಯುಮಿನಿಯಂ ಅಥವಾ ಫೈಬರ್ ತಗಡು, ಒಳಗೆ ತೆಳು ಪ್ಲೈವುಡ್, ನಡುವೆ ಥರ್ಮಾಕೋಲಿನ ಜಾತಿಗೆ ಸೇರಿದ ಫೋಮ್. ಎಲ್ಲ ಸೇರಿ ದಪ್ಪ ಮೂರು ಸೆಂಟಿಮೀಟರ್ ಆಸುಪಾಸು. ಇಂಥ ಹಾಳೆ ಇಡಿಯಾಗಿ ನಿಂತಾಗ ಬಲಶಾಲಿ, ಆದರೆ ಒಂದೇ ಚುಕ್ಕೆಯ ಮೇಲೆ ಬೀಳುವ ಎಳೆತವನ್ನು ಅದು ತಾಳದು. ಹಳ್ಳಕ್ಕೆ ಚಕ್ರ ಇಳಿದಾಗ ಐವತ್ತು ಕಿಲೋ ಸೈಕಲ್‌ಗಳು ಒಮ್ಮೆಲೇ ಕೆಳಗೆ ಜಗ್ಗುತ್ತವೆ. ಆಗ ರ‍್ಯಾಕಿನ ಮೇಲಿನ ಬೋಲ್ಟುಗಳು ಗೋಡೆಯನ್ನು ಹೊರಕ್ಕೆ ಸೆಳೆಯುತ್ತವೆ, ಕೆಳಗಿನ ಪಾದಗಳು ಒಳಕ್ಕೆ ಒತ್ತುತ್ತವೆ. ಇದು ಪ್ರಯಾಣದುದ್ದಕ್ಕೂ ಸಾವಿರಾರು ಸಲ ನಡೆಯುತ್ತದೆ. ಅದಕ್ಕಾಗಿಯೇ ಹಲವು ತಯಾರಕರು ರ‍್ಯಾಕ್ ಬರುವ ಜಾಗದಲ್ಲಿ ಫೋಮ್ ಬದಲು ಮರದ ಅಥವಾ ಲೋಹದ ಪಟ್ಟಿಯನ್ನು ಮೊದಲೇ ಹುದುಗಿಸಿರುತ್ತಾರೆ. ಅದು ನಿನ್ನ ಗಾಡಿಯಲ್ಲಿ ಇದೆಯೇ, ಇದ್ದರೆ ಅಂಚಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ತಯಾರಕರಿಂದಲೇ ಬರಹದಲ್ಲಿ ಕೇಳಿ ಪಡೆದುಕೊ. ಬೆರಳಿನಿಂದ ತಟ್ಟಿ ಸದ್ದು ಕೇಳಿ ಊಹಿಸುವುದು ಸಾಲದು. ನೀರು ಸೋರದೆಂಬ ವಾರಂಟಿ ಇನ್ನೂ ಚಾಲ್ತಿಯಲ್ಲಿದ್ದರೆ, ನಾವೇ ಕೊರೆದ ರಂಧ್ರದಿಂದ ಅದು ರದ್ದಾಗುತ್ತದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿಬಿಡು.

ಫಿಯಾಮಾ, ಥೂಲೆ ಮೊದಲಾದ ಕಂಪನಿಗಳವರು ಗೋಡೆಗೆ ಕೂರಿಸುವಂತೆ ಮಾಡುವ ರ‍್ಯಾಕ್‌ಗಳ ಮೇಲೆ ಸಾಮಾನ್ಯವಾಗಿ 50 ಅಥವಾ 60 ಕೆ.ಜಿ. ಮಿತಿಯನ್ನು ಬರೆದಿರುತ್ತಾರೆ. ಅದು ರ‍್ಯಾಕ್ ತಾಳುವ ಮಿತಿ. ನಿನ್ನ ಗೋಡೆ ತಾಳುವ ಮಿತಿ ಅದಕ್ಕಿಂತ ಕಡಿಮೆ ಇರಬಹುದು, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಪಾಲಿಸಬೇಕು. ಗೋಡೆಯಲ್ಲಿ ಪಟ್ಟಿ ಇಲ್ಲವೆಂದಾದರೆ, ಎರಡು ಬ್ಯಾಟರಿ ಸೈಕಲ್‌ಗಳಿಗೆ ಗಾಡಿಯ ಅಡಿಯ ಚೌಕಟ್ಟಾದ ಚಾಸಿಗೇ ಜೋಡಿಸಿದ ಟೋ ಬಾರ್ (ಟ್ರೇಲರ್ ಎಳೆಯಲು ಬಳಸುವ ಕೊಂಡಿ) ಮೇಲೆ ಕೂರುವ ರ‍್ಯಾಕ್ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಅದರಲ್ಲಿ ಗೋಡೆಗೆ ಒಂದು ರಂಧ್ರವೂ ಬೇಕಿಲ್ಲ, ಸೈಕಲ್‌ಗಳನ್ನು ಎದೆಯ ಮಟ್ಟಕ್ಕೆ ಎತ್ತುವ ಶ್ರಮವೂ ಇಲ್ಲ. ಆದರೆ ಟೋ ಬಾರಿನ ತೂಕವೂ ಬಾಲಕ್ಕೇ ಸೇರುತ್ತದೆ, ಆಕ್ಸಲ್ ಲೆಕ್ಕವನ್ನು ಹೊಸದಾಗಿ ಮಾಡಬೇಕಾಗುತ್ತದೆ.

ಎರಡೂ ಪ್ರಶ್ನೆಗಳಿಗೆ ಒಳ್ಳೆಯ ಉತ್ತರವೇ ಸಿಕ್ಕಿತೆಂದು ಭಾವಿಸಿ ಕೊರೆಯುವ ವಿಚಾರಕ್ಕೆ ಬರುತ್ತೇನೆ. ರ‍್ಯಾಕನ್ನು ಗೋಡೆಗೆ ಹಿಡಿದು ಗುರುತು ಹಾಕುವ ಮೊದಲು ಒಳಗಡೆಯ ಬೀರು, ಹಾಸಿಗೆ, ಕಿಟಕಿಯ ಚೌಕಟ್ಟು, ವಯರು ಹೋಗಿರುವ ದಾರಿ ಎಲ್ಲವನ್ನೂ ಅಳೆದು ನೋಡು. ಹಿಂದಿನ ಕಿಟಕಿ ತೆರೆಯಲು ಜಾಗ ಉಳಿಯುತ್ತದೆಯೇ, ರಿವರ್ಸ್ ಕ್ಯಾಮೆರಾದ ನೋಟಕ್ಕೆ ಅಡ್ಡ ಬರುತ್ತದೆಯೇ ಎಂಬುದನ್ನೂ ಆಗಲೇ ಗಮನಿಸು. ಗುರುತಿನ ಮೇಲೆ ಕಾಗದದ ಟೇಪು ಅಂಟಿಸಿ, ಮೊದಲು 3 ಮಿಲಿಮೀಟರಿನ ಸಣ್ಣ ಬಿಟ್‌ನಿಂದ ನಿಧಾನವಾಗಿ ಕೊರೆ. ಬಿಟ್ ಹೊರತರುವ ಪುಡಿಯನ್ನು ನೋಡುತ್ತಿರಬೇಕು. ಮೊದಲು ಹೊಳೆಯುವ ತಗಡಿನ ಸುರುಳಿ ಬರುತ್ತದೆ. ಆಮೇಲೆ ಬಿಳಿಯ ಫೋಮ್ ಕಾಳು ಉದುರಿದರೆ ನೀನು ಪಟ್ಟಿಯನ್ನು ತಪ್ಪಿಸಿದ್ದೀಯೆ ಎಂದರ್ಥ, ತಿಳಿಬಣ್ಣದ ಒಣ ಮರದ ಹುಡಿ ಬಂದರೆ ಸರಿಯಾದ ಜಾಗದಲ್ಲಿದ್ದೀಯೆ. ಹುಡಿ ಕಪ್ಪಾಗಿ, ತೇವವಾಗಿ, ಬೆರಳಿಗೆ ಅಂಟಿಕೊಂಡರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸು. ಆ ಗೋಡೆಗೆ ಮೊದಲೇ ನೀರು ಇಳಿದಿದೆ, ರ‍್ಯಾಕಿಗಿಂತ ಮುಂಚೆ ಅದರ ರಿಪೇರಿ ಆಗಬೇಕು.

ಬೋಲ್ಟು ಗೋಡೆಯನ್ನು ಪೂರ್ತಿ ದಾಟಿ ಒಳಬದಿಗೆ ಬರಬೇಕು, ಬರೀ ಸ್ಕ್ರೂ ಕೆಲಸಕ್ಕೆ ಬಾರದು. ಒಳಗೆ ಅಗಲವಾದ ಲೋಹದ ಪ್ಲೇಟು ಇಟ್ಟು ಅದರ ಮೇಲೆ ನಟ್ಟು ಬಿಗಿದರೆ ಎಳೆತ ಒಂದು ಚುಕ್ಕೆಯ ಬದಲು ಅಂಗೈಯಗಲಕ್ಕೆ ಹಂಚಿಹೋಗುತ್ತದೆ. ಫೋಮ್ ಇರುವ ಜಾಗದಲ್ಲಿ ಬೋಲ್ಟು ಹಾಯಲೇಬೇಕಾದರೆ ಗೋಡೆಯ ದಪ್ಪಕ್ಕೆ ಸರಿಯಾಗಿ ಕತ್ತರಿಸಿದ ಲೋಹದ ಕೊಳವೆಯನ್ನು ರಂಧ್ರದೊಳಗೆ ತೂರಿಸಿ, ಅದರ ಒಳಗಿನಿಂದ ಬೋಲ್ಟನ್ನು ಹಾಯಿಸಬೇಕು. ಇಲ್ಲದಿದ್ದರೆ ನಟ್ಟು ಬಿಗಿದಷ್ಟೂ ಫೋಮ್ ಕುಗ್ಗಿ ಗೋಡೆ ಒಳಸೇದುತ್ತದೆ. ಕೆಲವೇ ದಿನಗಳಲ್ಲಿ ಬಿಗಿ ಸಡಿಲವಾಗಿ ಆ ಸಂದಿನಿಂದ ನೀರು ಇಳಿಯತೊಡಗುತ್ತದೆ. ಬೋಲ್ಟು, ವಾಷರ್ ಎಲ್ಲವೂ ಸ್ಟೇನ್‌ಲೆಸ್ ಸ್ಟೀಲಿನದಿರಲಿ, ನಟ್ಟು ತಾನಾಗಿ ಬಿಚ್ಚಿಕೊಳ್ಳದ ನೈಲಾನ್ ಬಳೆಯದ್ದಿರಲಿ.

ನೀರು ಸೋರದಂತೆ ಮುಚ್ಚುವುದು ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವ ಭಾಗ. ಸ್ನಾನದ ಮನೆಗೆ ಹಚ್ಚುವ ಸಾಧಾರಣ ಸಿಲಿಕೋನನ್ನು ದಯವಿಟ್ಟು ಬಳಸಬೇಡ. ಗಾಡಿಯ ಗೋಡೆ ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ, ಓಟದಲ್ಲಿ ಅದುರುತ್ತಲೇ ಇರುತ್ತದೆ, ಸಿಲಿಕೋನ್ ಅಂಚಿನಿಂದ ಮೆಲ್ಲಗೆ ಬಿಟ್ಟುಕೊಳ್ಳುತ್ತದೆ. ಅದು ಒಮ್ಮೆ ಸವರಿದ ಜಾಗಕ್ಕೆ ಮುಂದೆ ಬೇರೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಎಂದೂ ಗಟ್ಟಿಯಾಗದ ಬ್ಯುಟೈಲ್ ಮೇಣವನ್ನೋ ಗಾಡಿಗಳಿಗೆಂದೇ ಬರುವ ಪಾಲಿಯುರೆಥೇನ್ ಸೀಲಂಟನ್ನೋ ಆರಿಸಿಕೊ. ರಂಧ್ರದ ಒಳಅಂಚಿಗೂ, ಬೋಲ್ಟಿನ ಕಂಬಕ್ಕೂ, ರ‍್ಯಾಕಿನ ಪಾದದ ಹಿಂಬದಿಗೂ ಧಾರಾಳವಾಗಿ ಹಚ್ಚಿ ನಟ್ಟನ್ನು ಕೈಬಿಗಿಯಾಗಿ ತಿರುಗಿಸುತ್ತಾ ಹೋದರೆ ಪಾದದ ಸುತ್ತಲೂ ಸೀಲಂಟ್ ಒಂದೇ ದಪ್ಪದ ಬಳೆಯಾಗಿ ಹೊರಗಿಣುಕುತ್ತದೆ. ಎಲ್ಲಿಯಾದರೂ ಆ ಬಳೆ ತುಂಡಾಗಿದ್ದರೆ ನೀರಿಗೆ ಅದೇ ಬಾಗಿಲು. ಬಿಚ್ಚಿ ಮತ್ತೆ ಹಚ್ಚು. ಪಾಲಿಯುರೆಥೇನ್ ಗಾಳಿಯ ತೇವದಿಂದ ಗಟ್ಟಿಯಾಗುವಂಥದ್ದು, ದಿನಕ್ಕೆ ಮೂರು ಮಿಲಿಮೀಟರ್ ಆಳಕ್ಕಷ್ಟೇ ಒಣಗುತ್ತದೆ. ಕೊನೆಯ ಬಿಗಿತವನ್ನು ತಯಾರಕರು ಹೇಳಿದ ಅಳತೆಗೆ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್‌ನಿಂದ ಮುಗಿಸಿ, ಕೆಲವು ದಿನ ಗಾಡಿಯನ್ನು ನೆರಳಿನಲ್ಲಿ ಬಿಟ್ಟು, ಆಮೇಲೆ ಸೈಕಲ್ ಏರಿಸು.

ಏರಿಸುವಾಗ ಭಾರದ ಸೈಕಲ್ ಗೋಡೆಯ ಪಕ್ಕದ ಹಳಿಯಲ್ಲಿರಲಿ, ಎರಡನೆಯದರ ಹ್ಯಾಂಡಲ್ ಅದರ ವಿರುದ್ಧ ದಿಕ್ಕಿಗಿರಲಿ. ಬ್ಯಾಟರಿಗಳನ್ನು ಬಿಚ್ಚಿ ಒಳಗೆ ಇಟ್ಟರೆ ಐದಾರು ಕೆ.ಜಿ. ಹಿಂಬದಿಯಿಂದ ಇಳಿಯುತ್ತದೆ, ಮಳೆಯಿಂದಲೂ ಅವಕ್ಕೆ ರಕ್ಷಣೆ. ಚಕ್ರಗಳನ್ನು ಹಳಿಗೆ ಕಟ್ಟುವ ಪಟ್ಟಿಗಳಲ್ಲದೆ, ಎರಡೂ ಸೈಕಲ್‌ಗಳನ್ನು ರ‍್ಯಾಕಿನ ಚೌಕಟ್ಟಿಗೆ ಸೇರಿಸಿ ಬಿಗಿಯುವ ಇನ್ನೊಂದು ಬೆಲ್ಟ್ ಇರಲೇಬೇಕು. ಸೈಕಲ್ಲಿನ ಫ್ರೇಮನ್ನು ಹಿಡಿಯುವ ರ‍್ಯಾಕಿನ ಹಿಡಿಕೆಯೊಂದು ಸಡಿಲಗೊಂಡರೂ ಸೈಕಲ್ ಹಿಂದೆ ಬರುವವರ ಮೇಲೆ ಬೀಳಬಾರದು. ಕಾರ್ಬನ್ ಫ್ರೇಮಿನ ಸೈಕಲ್ಲಾದರೆ ಹಿಡಿಕೆ ಬಿಗಿಯುವ ಜಾಗದಲ್ಲಿ ಜಜ್ಜಿಹೋಗುವ ಅಪಾಯವಿದೆ. ಟೈರು ಸೈಲೆನ್ಸರಿನ ಬಾಯಿಗೆ ಎದುರಾಗಿಲ್ಲವೆಂಬುದನ್ನು, ಮುಖ್ಯವಾಗಿ ಟೋ ಬಾರ್ ರ‍್ಯಾಕಿನಲ್ಲಿ, ಬಗ್ಗಿ ನೋಡು.

ಸೈಕಲ್‌ಗಳನ್ನು ಏರಿಸಿದ ಮೇಲೆ ಹತ್ತು ಹೆಜ್ಜೆ ಹಿಂದೆ ಸರಿದು, ಮನೆಯವರಿಗೆ ಬ್ರೇಕ್ ಒತ್ತಿ ಇಂಡಿಕೇಟರ್ ಹಾಕಲು ಹೇಳಿ, ದೀಪಗಳೂ ನಂಬರ್ ಪ್ಲೇಟೂ ಪೂರ್ತಿ ಕಾಣುತ್ತವೆಯೇ ಎಂದು ಪರೀಕ್ಷಿಸು. ಮರೆಯಾಗಿದ್ದರೆ ದೀಪಗಳೂ ನಂಬರೂ ಇರುವ ಹೆಚ್ಚಿನ ಹಲಗೆಯೊಂದನ್ನು ಹಿಂದೆ ಕಟ್ಟಬೇಕು. ಇಟಲಿ ಮತ್ತು ಸ್ಪೇನ್‌ನಂಥ ದೇಶಗಳಲ್ಲಿ, ಹೀಗೆ ಹೊರಚಾಚಿದ ಭಾರಕ್ಕೆ 50 ಸೆಂಟಿಮೀಟರ್ ಚೌಕದ, ಕೆಂಪು ಬಿಳಿ ಓರೆಪಟ್ಟೆಗಳ ಹೊಳೆಯುವ ಫಲಕವೂ ಕಡ್ಡಾಯ. ಸೈಕಲ್‌ಗಳಿಗೆ ಹೊದಿಸುವ ಮುಸುಕು ಗಾಳಿಯನ್ನು ಹಿಡಿದು ರ‍್ಯಾಕಿನ ಮೇಲೆ ಎಳೆತ ಹೆಚ್ಚಿಸುವುದರಿಂದ, ನನ್ನ ಮಟ್ಟಿಗೆ ಅದು ಗಾಡಿ ನಿಂತಾಗ ಮಾತ್ರ ಸರಿ.

ಮೊದಲ ನೂರು ಕಿಲೋಮೀಟರ್ ಕಳೆದ ಮೇಲೆ ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಪರೀಕ್ಷಿಸು. ಆಮೇಲೆ ಪ್ರತಿ ಮಳೆಗಾಲಕ್ಕೆ ಮುಂಚೆ ಒಳಗಿನ ಪ್ಲೇಟುಗಳ ಸುತ್ತ ತೇವ ಅಳೆಯುವ ಮೀಟರ್ ಇಟ್ಟು ನೋಡುವುದು ಒಳ್ಳೆಯದು, ಏಕೆಂದರೆ ಇಂಥ ಗೋಡೆಯಲ್ಲಿ ಕಲೆ ಕಣ್ಣಿಗೆ ಬೀಳುವ ಹೊತ್ತಿಗೆ ಮರ ಕೊಳೆತಿರುತ್ತದೆ.

ಸದ್ಯಕ್ಕೆ ನನಗೆ ಬೇಕಾಗಿರುವುದು ಇಷ್ಟು: ವೇಬ್ರಿಜ್ ಚೀಟಿ, ತೂಕದ ಫಲಕದ ಫೋಟೊ, ತಯಾರಕರು ಕೊಟ್ಟ ಗೋಡೆಯ ನಕ್ಷೆ. ಮೂರನ್ನೂ ಕಳಿಸು, ಲೆಕ್ಕವನ್ನು ಇಬ್ಬರೂ ಕೂತು ನೋಡೋಣ. ಅಲ್ಲಿಯವರೆಗೆ ರ‍್ಯಾಕಿನ ಬಿಲ್ಲನ್ನು ಜೋಪಾನವಾಗಿಡು, ಟೋ ಬಾರಿನದಕ್ಕೆ ಬದಲಾಯಿಸಬೇಕಾಗಿ ಬರಬಹುದು.

ನಿನ್ನ ಗೆಳೆಯ