ಮೊದಲು ಬೀಗತನ, ಆಮೇಲೆ ಸುದ್ದಿ

ಪ್ರೀತಿಯ ಗೆಳೆಯಾ,

ಹೋದ ಭಾನುವಾರ ರಾತ್ರಿ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ ಇನ್ನೂ ತಲೆ ತಿನ್ನುತ್ತಿದೆ. 'ಸರ್ಕಾರ, ಪೊಲೀಸು, ಏನೂ ಇಲ್ಲ ಅಂದ್ಕೋ. ಗುರುತು ಪರಿಚಯ ಇಲ್ಲದ ಯಾರಿಗೋ ಅನ್ಯಾಯ ಆಗಿದೆ. ಅವನ ಪರ ನಿಲ್ತೀಯಾ?' ಅಂದೆ. ನಾನು ಹಿಂದೆಮುಂದೆ ನೋಡದೆ 'ನಿಲ್ಲದೆ ಏನು?' ಅಂದುಬಿಟ್ಟೆ. ನೀನು ನಕ್ಕೆ. ನಗಬೇಕಾದ್ದೇ.

ಅಂಥ ನಾಡನ್ನು ಊಹೆ ಮಾಡಿಕೊಳ್ಳಬೇಕಿಲ್ಲ ಮಾರಾಯ. ಹಳೇ ಐಸ್‌ಲ್ಯಾಂಡ್ ಹಾಗೇ ಇತ್ತು. ಸುಮಾರು 930ರಿಂದ, ನಾರ್ವೆಯ ದೊರೆಗೆ ತಲೆಬಾಗಿದ 1262ರ ತನಕ, ಅಲ್ಲಿ ರಾಜನಿಲ್ಲ, ಪೊಲೀಸರಿಲ್ಲ, ಜೈಲಿಲ್ಲ. ಕಾನೂನು ಮಾತ್ರ ಬೇಕಾದಷ್ಟಿತ್ತು. ಪ್ರತಿ ಬೇಸಿಗೆಯಲ್ಲಿ ಥಿಂಗ್‌ವೆಲ್ಲಿರ್ ಎಂಬ ಬಯಲಲ್ಲಿ ಇಡೀ ನಾಡಿನ ಆಲ್‌ಥಿಂಗ್ ಸಭೆ ಸೇರುತ್ತಿತ್ತು. ಕಾನೂನು ಹೇಳುವುದಕ್ಕೇ ಅಂತ ಒಬ್ಬನಿದ್ದ. ವರ್ಷಕ್ಕೆ ಮೂರನೇ ಒಂದು ಪಾಲಿನಂತೆ, ಮೂರು ವರ್ಷದಲ್ಲಿ ಅಷ್ಟನ್ನೂ ಜನರ ಮುಂದೆ ಒಪ್ಪಿಸುತ್ತಿದ್ದ. ತೀರ್ಪೂ ಸಿಗುತ್ತಿತ್ತು. ಜಾರಿ ಮಾಡುವವರು ಮಾತ್ರ ಯಾರೂ ಇಲ್ಲ. ಗೆದ್ದವನೇ ಹೋಗಿ ವಸೂಲಿ ಮಾಡಿಕೊಳ್ಳಬೇಕು. ಬೆನ್ನಿಗೆ ಜನ ಇಲ್ಲದವನು ಆ ತೀರ್ಪಿಗೆ ಉಪ್ಪಿನಕಾಯಿ ಹಾಕ್ಕೊಂಡು ನೆಕ್ಕಬೇಕು, ಅಷ್ಟೇ.

960ರ ಆಸುಪಾಸಿನಲ್ಲಿ ಒಬ್ಬ ರೈತನನ್ನು ಮನೆಯೊಳಗೇ ಸುಟ್ಟು ಕೊಂದರು. ಥೋರ್ಡ್ ಗೆಲ್ಲಿರ್ ಎಂಬ ಮುಖಂಡ ಆ ವ್ಯಾಜ್ಯ ಹಿಡಿದ. ಕೊಲೆ ಎಲ್ಲಾಯಿತೋ ಅಲ್ಲಿಗೆ ಹತ್ತಿರದ ಸಭೆಯಲ್ಲೇ ದಾವೆ ಹೂಡಬೇಕು ಅನ್ನುವುದು ಆಗಿನ ನಿಯಮ. ಅಂದರೆ ಎದುರಾಳಿಯ ಅಂಗಳದಲ್ಲಿ! ಹೋದರೆ ಹೊಡೆದಾಟ, ಸಭೆ ನಡೆಯಲೇ ಇಲ್ಲ. ಆಲ್‌ಥಿಂಗ್‌ಗೆ ಒಯ್ದರೆ ಅಲ್ಲೂ ಹೊಡೆದಾಟ. ಕೊನೆಗೆ ಥೋರ್ಡ್ ಕಾನೂನು ಹೇಳುವ ಬಂಡೆಯ ಮೇಲೆ ನಿಂತು, ಗೊತ್ತಿಲ್ಲದ ಸೀಮೆಗೆ ಹೋಗಿ ನ್ಯಾಯ ಕೇಳುವುದು ಎಂಥ ಪಾಡು ಅಂತ ಎಲ್ಲರಿಗೂ ಬಿಡಿಸಿ ಹೇಳಿದ. 965ರ ಸುಮಾರಿಗೆ ದ್ವೀಪವನ್ನು ನಾಲ್ಕು ಭಾಗ ಮಾಡಿ ನ್ಯಾಯದ ಏರ್ಪಾಡು ಬದಲಿಸಿದ್ದು ಇದರಿಂದಲೇ ಅಂತ 12ನೇ ಶತಮಾನದ ಆರಿ ಎಂಬ ಪಾದ್ರಿ ಬರೆದಿಟ್ಟಿದ್ದಾನೆ.

ನೋಡು, ಪರರಿಗಾಗಿ ನಿಂತವನು ಅಂತ ನಾನೂ ಖುಷಿಯಾದೆ. ಆದರೆ ಆರಿ ಇನ್ನೊಂದು ಮಾತೂ ಸೇರಿಸುತ್ತಾನೆ: ಥೋರ್ಡ್‌ನ ತಂಗಿಯೋ ಅಕ್ಕನೋ, ಆಕೆಯ ಮಗಳು ಸತ್ತವನ ಸೊಸೆ. ಆಮೇಲಿನ ಕಾಲದ ಒಂದು ಸಾಗಾ ಕಥೆ ಇದನ್ನು ಇನ್ನೂ ರುಚಿಯಾಗಿ ಹೇಳುತ್ತದೆ. ಸತ್ತವನ ಮಗನನ್ನು ಕರೆದುಕೊಂಡು ಅವನ ಕಡೆಯವರು ಜನಬಲ ಇರುವ ಒಬ್ಬ ರೈತನ ಮನೆಗೆ ಹೋಗುತ್ತಾರೆ. ಹೆಣ್ಣು ಕೇಳುತ್ತಾರೆ. ಸಾವಿನ ಸುದ್ದಿ ಎತ್ತುವುದೇ ಇಲ್ಲ. ಕೈಗೆ ಕೈ ಕೊಟ್ಟು ಭಾಷೆ ಆದ ಮೇಲೆ, 'ಅಂದಹಾಗೆ ಹುಡುಗನ ಅಪ್ಪನನ್ನು ಸುಟ್ಟುಬಿಟ್ಟಿದ್ದಾರೆ' ಅನ್ನುತ್ತಾರೆ. ಹುಡುಗಿ ಬೆಳೆಯುತ್ತಿದ್ದದ್ದು ಥೋರ್ಡ್ ಮನೆಯಲ್ಲಿ. ಆ ರೈತನನ್ನೂ ಸೇರಿಸಿಕೊಂಡು ಅಲ್ಲಿಗೆ ಹೋಗಿ ಇದೇ ಆಟ ಮತ್ತೊಮ್ಮೆ. ನಮ್ಮ ಕಡೆ ಆಗಿದ್ದರೆ ಬೀಗರು ಎಲೆ ಮುಂದಿನಿಂದ ಎದ್ದು ಹೋಗುತ್ತಿದ್ದರು, ಅಲ್ವಾ?

ಅವರು ಏಳಲಿಲ್ಲ. ಬಂದವನು ಈಗ ಅಪರಿಚಿತನಲ್ಲವಲ್ಲ, ಬೀಗನ ಮಗ.

ನಂಟು ಬೆಳೆಸಲಾಗದವನಿಗೂ ಒಂದು ದಾರಿ ಇತ್ತು. ಬಡವನ ಕೋಪ ದವಡೆಗೆ ಮೂಲ ಅಂತೀವಲ್ಲ, ಅಲ್ಲಿ ಬಡವ ತನ್ನ ವ್ಯಾಜ್ಯವನ್ನೇ ಬಲ ಇದ್ದವನಿಗೆ ಬರೆದುಕೊಟ್ಟ ಹಾಗೆ ಬಿಟ್ಟುಕೊಡಬಹುದಿತ್ತು. ಸಾಕ್ಷಿಗಳ ಮುಂದೆ ಕೈಹಿಡಿದರೆ ಮುಗಿಯಿತು, ಗೆದ್ದರೆ ಪರಿಹಾರವೂ ಹಿಡಿದವನದ್ದೇ. ಇದು ವ್ಯಾಪಾರ ಅಂತ ನೀನು ಮೂಗು ಮುರಿಯುತ್ತೀಯ. ನನಗೆ ಅಷ್ಟು ಬೇಸರವಿಲ್ಲ. ದಾವೆ ಯಾರದೋ ಅವನು ತಾನಾಗಿ ಕೈ ಕೊಡಬೇಕಿತ್ತು. ಇನ್ನೊಬ್ಬರು ಕಿತ್ತುಕೊಳ್ಳುವಂತಿರಲಿಲ್ಲ. ಹಿಡಿದವನಿಗೂ ಅದು ಅಗ್ಗದ ಕೆಲಸವಲ್ಲ. ಸೇಡು ಅವನೊಬ್ಬನ ಮೇಲೆ ಬೀಳುವುದಿಲ್ಲ, ಅಣ್ಣತಮ್ಮಂದಿರು, ಮಕ್ಕಳು, ಎಲ್ಲರ ಕುತ್ತಿಗೆಗೆ ಬರುತ್ತದೆ. ಭಾನುವಾರ 'ನಿಲ್ಲದೆ ಏನು' ಅಂದಾಗ ನಾನು ನಮ್ಮಣ್ಣನನ್ನೂ ಅಡ ಇಟ್ಟಿದ್ದೆ, ಅವನಿಗೆ ಒಂದು ಮಾತು ಹೇಳದೆ.

ನನ್ನನ್ನು ಕಾಡುವುದು ಬೇರೆ. ಕೊಡುವುದಕ್ಕೆ ನಂಟೂ ಇಲ್ಲ, ದಾವೆಯೂ ಇಲ್ಲ ಅನ್ನುವವರು. ಗುಲಾಮನನ್ನು ಕೊಂದರೆ ಪರಿಹಾರ ಅವನ ಯಜಮಾನನಿಗೆ. ಮನೆ ಮನೆ ಅಲೆಯುವ ಭಿಕ್ಷುಕನಿಗೆ ಜಾಗ ಕೊಟ್ಟರೆ ಅದೇ ತಪ್ಪು. 13ನೇ ಶತಮಾನದ ಕೈಬರಹಗಳಲ್ಲಿ ಉಳಿದಿರುವ ಅವರ ಕಾನೂನಿನಲ್ಲಿ ಇನ್ನೊಂದು ಮಾತಿದೆ: ಅಂಥ ಅಲೆಮಾರಿಯ ಬೀಜ ಒಡೆಯಬಹುದು, ಅದರಿಂದ ಅವನು ಸತ್ತರೂ ಕೇಳುವ ಹಾಗಿಲ್ಲ. ಹಾಗಂತ ಅವರೇನು ಕಟುಕರಲ್ಲ. ಕನಿಷ್ಠ 20 ರೈತರ ಒಂದೊಂದು ಕೂಟ ಮಾಡಿಕೊಂಡು, ಒಬ್ಬನ ಮನೆ ಸುಟ್ಟರೆ, ದನಕರು ಸತ್ತರೆ ನಷ್ಟದಲ್ಲಿ ಪಾಲು ಹೊರುತ್ತಿದ್ದ ಜನವೇ ಅವರು. ನಮ್ಮವರು ಅಂತ ಗೆರೆ ಎಳೆದರೆ ಆಚೆ ಇರುವವನು ಮನುಷ್ಯನ ಲೆಕ್ಕಕ್ಕೇ ಬರುವುದಿಲ್ಲ. ಆಚೆಯವನಿಗಾಗಿ ಯಾರಾದರೂ ಬಾಯಿ ತೆರೆಯಲೇಬೇಕಿತ್ತು. ಇದರಲ್ಲಿ ನಾನು ನಿನ್ನ ಜೊತೆ ರಾಜಿಯಾಗಲ್ಲ. ಆದರೆ ಹೇಗೆ ತೆರೆಯಬೇಕು ಅನ್ನುವುದರಲ್ಲಿ ನನ್ನ ಕೈ ಒಮ್ಮೆ ಸುಟ್ಟಿದೆ. ನಿನಗೆ ಹೇಳಿರಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಪಾಳಿಗೆ ಅಸ್ಸಾಂ ಕಡೆಯ ಹುಡುಗನೊಬ್ಬನಿದ್ದ. ಒಂದು ರಾತ್ರಿ ಫ್ಲಾಸ್ಕಿನ ಮುಚ್ಚಳದಲ್ಲಿ ನನಗೆ ಟೀ ಬಗ್ಗಿಸಿ ಕೊಡುತ್ತಾ, ಎರಡು ತಿಂಗಳಿಂದ ಸಂಬಳ ಬಂದಿಲ್ಲ ಅಂದ. ನನಗೆ ರಕ್ತ ಕುದಿಯಿತು. ಮಾರನೇ ದಿನ ಬೆಳಗ್ಗೆಯೇ ಅವನ ಏಜೆನ್ಸಿಗೆ ಮೇಲ್ ಹಾಕಿದೆ, ಅವನ ಹೆಸರು ಬರೆದು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲೂ ಹಾಕಿದೆ. ಸಾಲು ಸಾಲು ಚಪ್ಪಾಳೆ ಬಿತ್ತು. ಮೂರನೇ ದಿನ ಗೇಟಿನಲ್ಲಿ ಬೇರೆ ಹುಡುಗ.

ಫೋನ್ ಮಾಡಿದೆ. ಊರಾಚೆಯ ಯಾವುದೋ ಗೋದಾಮಿಗೆ ಹಾಕಿದ್ದಾರಂತೆ, ಅಲ್ಲಿ ಮಲಗುವುದಕ್ಕೂ ಜಾಗವಿಲ್ಲವಂತೆ. ಬೈಯಲಿಲ್ಲ. 'ನಾನು ನಿಮಗೆ ಸುಮ್ನೆ ಹೇಳಿದ್ದು ಸಾರ್' ಅಂದ. ಸಂಬಳ ಬಂತಾ ಅಂತ ಕೇಳಿದೆ. ಒಂದು ತಿಂಗಳದ್ದು ಬಂದಿದೆ ಅಂದ.

ನಿನ್ನವ