ಕೆಜಿಎಫ್ ಗಣಿ ಆಸ್ಪತ್ರೆಯ ಕಟ್ಟಡವನ್ನು ಊರಿಗೆ ಕೊಡಿಸಿ

ಕೋಲಾರ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ, ನಮಸ್ಕಾರಗಳು.

ಕೆಜಿಎಫ್‌ನ ಬಿಜಿಎಂಎಲ್ (ಇಲ್ಲಿನ ಚಿನ್ನದ ಗಣಿ ನಡೆಸಿದ ಸರ್ಕಾರಿ ಕಂಪನಿ, ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್) ಆಸ್ಪತ್ರೆಯ ಕಟ್ಟಡದ ಬಗ್ಗೆ ಈ ಪತ್ರ. ಮೊದಲು ಗಣಿ ನಡೆಸುತ್ತಿದ್ದ ಬ್ರಿಟಿಷರ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಗಣಿ ಕಾರ್ಮಿಕರಿಗಾಗಿ ಶುರುವಾದ ಆಸ್ಪತ್ರೆ ಅದು. 2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು. ಕೆಲಸ ಹೋಯಿತು, ಅದರ ಹಿಂದೆಯೇ ಆಸ್ಪತ್ರೆಯೂ ಹೋಯಿತು. ಗಣಿಯ ಕಾಯಿಲೆ ಮಾತ್ರ ಊರಲ್ಲೇ ಉಳಿಯಿತು.

ಮೂರು ಕಿಲೋಮೀಟರ್‌ಗೂ ಜಾಸ್ತಿ ಆಳದಲ್ಲಿ ಕಲ್ಲು ಕೊರೆದವರು ನಮ್ಮವರು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಸೇರಿ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆ ಅಲ್ಲ. ಗಣಿ ಬಿಟ್ಟ ಎಷ್ಟೋ ವರ್ಷಗಳ ಮೇಲೂ ಅದು ಹೆಚ್ಚಾಗುತ್ತಾ ಹೋಗಬಹುದು. ಒಮ್ಮೆ ರಾತ್ರಿ ಹೊತ್ತು ಗಣಿ ಕಾರ್ಮಿಕರ ಸಾಲು ಮನೆಗಳಲ್ಲಿ, ಯಾವುದಾದರೂ ಲೈನ್ ಮನೆಗೆ ಬನ್ನಿ. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ತಾತ ಗೋಡೆಗೆ ದಿಂಬು ಇಟ್ಟು ಒರಗಿ ಕೂತಿರುತ್ತಾರೆ. ಪಕ್ಕದಲ್ಲೇ, ಅದೇ ಇಕ್ಕಟ್ಟಿನಲ್ಲಿ, ಮೊಮ್ಮಗಳು ಪರೀಕ್ಷೆಗೆ ಓದುತ್ತಿರುತ್ತಾಳೆ. ಮಗ ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಹಗಲಿಡೀ ತಾತನನ್ನು ಯಾರು ನೋಡಿಕೊಳ್ಳಬೇಕು?

ಆ ಕಟ್ಟಡವನ್ನು ಮತ್ತೆ ದೊಡ್ಡ ಆಸ್ಪತ್ರೆ ಮಾಡಿ ಅನ್ನುವವರಿದ್ದಾರೆ. ಅವರ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕೆ ವರ್ಷವರ್ಷವೂ ಡಾಕ್ಟರ್‌ಗಳು ಬೇಕು, ಕೋಟಿಗಟ್ಟಲೆ ದುಡ್ಡು ಬೇಕು. ರಾಬರ್ಟ್‌ಸನ್‌ಪೇಟೆಯಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ನಮಗಿಲ್ಲದ್ದು ದಿನನಿತ್ಯದ ಆಸರೆ. ಹಿರಿಯರಿಗೆ ಹಗಲಿನ ಆರೈಕೆ, ಉಸಿರಾಟದ ವ್ಯಾಯಾಮ ಹೇಳಿಕೊಡುವವರು, ಮಕ್ಕಳಿಗೆ ಓದಲು ಜಾಗ, ಪಿಂಚಣಿ ಅರ್ಜಿ ಬರೆದುಕೊಡುವ ಮೇಜು, ಮಹಿಳಾ ಸಂಘಗಳಿಗೆ ಒಂದು ಹಾಲ್. ಇಂಥ ಕೆಲಸ ಮಾಡುವ ಸಣ್ಣ ಸಂಸ್ಥೆಗಳಿಗೆ ಬಾಡಿಗೆ ಕಟ್ಟುವುದೇ ಕಷ್ಟ. ಒಂದೇ ಸೂರಿನಡಿ ಬಂದರೆ ಕರೆಂಟ್ ಬಿಲ್ಲು, ಕಾವಲುಗಾರ, ಲೆಕ್ಕ ಬರೆಯುವವರು ಎಲ್ಲವನ್ನೂ ಹಂಚಿಕೊಳ್ಳಬಹುದು.

ಆಗುತ್ತಾ ಅಂತ ಕೇಳಬೇಡಿ. 2021ರಲ್ಲಿ ಕೋವಿಡ್ ಎರಡನೇ ಅಲೆ ಬಂದಾಗ, 20 ವರ್ಷ ಬಾಗಿಲು ಮುಚ್ಚಿದ್ದ ಇದೇ ಆಸ್ಪತ್ರೆಯನ್ನು ಊರಿನ ಸ್ವಯಂಸೇವಕರು ಗುಡಿಸಿ ತೊಳೆದು ಕೋವಿಡ್ ಕೇಂದ್ರಕ್ಕೆ ಸಿದ್ಧ ಮಾಡಿದ್ದರು. ಕೈಗಳಿಗೆ ಇಲ್ಲಿ ಕೊರತೆ ಇಲ್ಲ. ಕೊರತೆ ಇರುವುದು ಕಾಗದಕ್ಕೆ.

ಅದಕ್ಕೇ ನಿಮ್ಮ ಹತ್ತಿರ ಬಂದಿದ್ದೇವೆ. ಬಿಜಿಎಂಎಲ್ ಇರುವುದು ಕೇಂದ್ರ ಗಣಿ ಸಚಿವಾಲಯದ ಕೆಳಗೆ. ನಗರಸಭೆಯಾಗಲಿ ಜಿಲ್ಲಾಡಳಿತವಾಗಲಿ ಸುಮ್ನೆ ಕೊಟ್ಟುಬಿಡುವ ಜಾಗ ಅಲ್ಲ ಅದು. ಸಚಿವಾಲಯದ ಜೊತೆ ಮಾತಾಡಿ, ಸಂಸ್ಥೆಗಳ ಒಕ್ಕೂಟಕ್ಕೆ 30 ವರ್ಷದ ಗುತ್ತಿಗೆ ಕೊಡಿಸಿ. 11 ತಿಂಗಳ ಕರಾರು ನಂಬಿ ಯಾರೂ ಚಾವಣಿ ರಿಪೇರಿಗೆ ದುಡ್ಡು ಹಾಕುವುದಿಲ್ಲ, ಅಲ್ವಾ? ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕಾದ ಕಂಪನಿಗಳೂ ಮೊದಲು ಕೇಳುವುದು ಆ ಗುತ್ತಿಗೆ ಪತ್ರವನ್ನೇ.

ರಿಪೇರಿಗೆ ಆತುರ ಬೇಡ. ಹಳೇ ಕಟ್ಟಡಗಳ ಅನುಭವ ಇರುವ ಎಂಜಿನಿಯರ್ ಮೊದಲು ಗೋಡೆ, ಚಾವಣಿ ಪರೀಕ್ಷೆ ಮಾಡಲಿ. ಸೋರಿಕೆ, ವೈರಿಂಗ್, ನೀರು, ಶೌಚಾಲಯ ಸರಿಯಾದರೆ ಒಂದು ವಾರ್ಡ್ ತೆರೆಯಬಹುದು. ಉಳಿದದ್ದು ನಿಧಾನವಾಗಿ ಆಗಲಿ. ಹೊಳೆಯುವ ಟೈಲ್ಸ್, ಫಾಲ್ಸ್ ಸೀಲಿಂಗ್ ಖಂಡಿತ ಬೇಡ. ಏದುಸಿರು ಬಿಡುವವರಿಗೆ ಬೇಕಾದದ್ದು ಗಾಳಿ. ಆ ಮೊದಲ ವಾರ್ಡ್ ಅವರಿಗೇ ಮೀಸಲಾಗಲಿ.

ಸಚಿವರ ಭೇಟಿಗೆ ದಿನ ಗೊತ್ತು ಮಾಡಿ ತಿಳಿಸಿ. ಹಳೇ ಕಾರ್ಮಿಕರಲ್ಲಿ ಕೆಲವರನ್ನು ನಾವು ಕರೆತರುತ್ತೇವೆ. ತಮಿಳು, ತೆಲುಗು, ಕನ್ನಡ, ಯಾವುದರಲ್ಲಾದರೂ ಸರಿ, ಅವರೇ ಮಾತಾಡಲಿ.

ಇತಿ,
ಕೆಜಿಎಫ್‌ನ ಗಣಿ ಕಾರ್ಮಿಕರೊಬ್ಬರ ಮಗಳು