ನಟನೆಗೆ ಶಾಲೆ ಇದೆ, ಕಿರೀಟ ಮಾಡುವ ಕೈಗೆ ಎಲ್ಲಿದೆ?

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,

ನಮಸ್ಕಾರ.

ನಾಟಕದ ಸೀನರಿ, ಪರಿಕರ, ವೇಷಭೂಷಣ ಮಾಡುವ ಕೆಲಸವನ್ನು ಕಲಿಸಲು ರಾಜ್ಯದಲ್ಲಿ ಒಂದು ವರ್ಷದ ಕೋರ್ಸ್ ಶುರು ಮಾಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ನಾನು ತುಮಕೂರು ಜಿಲ್ಲೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಬಿಡುವಿದ್ದಾಗ ಸುತ್ತಮುತ್ತಲಿನ ಹವ್ಯಾಸಿ ತಂಡಗಳಿಗೆ ಸೆಟ್ ಮಾಡಿಕೊಡುತ್ತೇನೆ.

ನಟನೆ ಕಲಿಯಬೇಕು ಅನ್ನುವ ಮಕ್ಕಳಿಗೆ ದಾರಿ ತೋರಿಸುವುದು ನನಗೆ ಕಷ್ಟವಲ್ಲ. ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಸಾಣೇಹಳ್ಳಿಯಲ್ಲಿ ರಂಗಶಾಲೆ ಇದೆ. ಮೈಸೂರಿನಲ್ಲಿ ಸರ್ಕಾರದ ರಂಗಸಂಸ್ಥೆಯಾದ ರಂಗಾಯಣದಲ್ಲಿ ಡಿಪ್ಲೊಮಾ ಇದೆ. ಆದರೆ 'ಸರ್, ನನಗೆ ಸ್ಟೇಜ್ ಹತ್ತೋದು ಬೇಡ, ಆ ಕಿರೀಟ ಮಾಡೋದು ಕಲೀಬೇಕು' ಅನ್ನುವ ಮಗುವಿಗೆ ಏನು ಹೇಳಲಿ? ಈ ಶಾಲೆಗಳಲ್ಲೂ ರಂಗಸಜ್ಜಿಕೆ ಅಂದರೆ ಸೆಟ್ ಕೆಲಸ, ಪ್ರಸಾಧನ ಅಂದರೆ ಮೇಕಪ್ ಹೇಳಿಕೊಡುತ್ತಾರೆ, ನಿಜ. ಅಲ್ಲಿಂದ ಬಂದವರ ಕೆಲಸ ನೋಡಿ ನಾನೂ ಕಲಿತಿದ್ದೇನೆ. ಆದರೆ ನಟನೆ, ಮಾತು, ಹಾಡು, ಇತಿಹಾಸ, ಪ್ರಯೋಗ ಎಲ್ಲವೂ ಅಲ್ಲಿನ ಒಂದೇ ವರ್ಷದ ಕೋರ್ಸಿನಲ್ಲಿ ಆಗಬೇಕು. ಕೈಕೆಲಸಕ್ಕೆ ಎಷ್ಟು ಹೊತ್ತು ಉಳಿದೀತು? ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ವಿನ್ಯಾಸಕ್ಕೇ ಮೀಸಲಾದ ವಿಭಾಗ ಇದೆ. ಅಲ್ಲಿಗೆ ಪದವಿ ಬೇಕು, ಅನುಭವ ಬೇಕು, ಹಿಂದಿ ಇಂಗ್ಲಿಷ್ ಬರಬೇಕು. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿ ಹುಡುಗಿಗೆ ಅದು ದೂರದ ಮಾತು.

ನಮ್ಮ ಶಾಲೆಯಲ್ಲಿ ಅಂಥ ಒಬ್ಬ ಹುಡುಗಿ ಇದ್ದಳು. ಬಿದಿರಿನ ಸೀಳು, ಹಳೇ ಕೊಡೆಯ ಕಡ್ಡಿ, ಸೈಕಲ್ ಟ್ಯೂಬಿನ ಚೂರು ಸೇರಿಸಿ ಜಟಾಯುವಿಗೆ ರೆಕ್ಕೆ ಕಟ್ಟಿದ್ದಳು. ಒಳಗಿನಿಂದ ದಾರ ಎಳೆದರೆ ರೆಕ್ಕೆ ಬಿಚ್ಚಿಕೊಳ್ಳುತ್ತಿತ್ತು, ಬಿಟ್ಟರೆ ಮಡಚಿಕೊಳ್ಳುತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಅವಳು ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ದಿನವಿಡೀ ಕಾಲರ್ ಹೊಲಿಯುವ ಕೆಲಸ. ಅದು ಕೀಳು ಅನ್ನುತ್ತಿಲ್ಲ. ಆ ಕೈಗೆ ಇನ್ನೊಂದು ದಾರಿಯನ್ನು ನಾವು ಕೊಡಲೇ ಇಲ್ಲವಲ್ಲ ಎಂಬುದು ನನ್ನ ಸಂಕಟ.

ಇದರಲ್ಲಿ ಒಂದು ವರ್ಷ ಕಲಿಯುವಂಥದ್ದೇನಿದೆ ಎಂದು ಇಲಾಖೆಯವರಿಗೆ ಅನ್ನಿಸಬಹುದು. ಒಂದು ಕಿರೀಟವನ್ನೇ ನೋಡಿ. ಮೊದಲು ಜೇಡಿಮಣ್ಣಿನ ಅಚ್ಚು. ಅದರ ಮೇಲೆ ಬರೀ ನೀರಲ್ಲಿ ನೆನೆಸಿದ ಕಾಗದದ ಒಂದು ಪದರ, ಅಂಟಿಲ್ಲದೆ. ಕೊನೆಗೆ ಅಚ್ಚಿನಿಂದ ಸಲೀಸಾಗಿ ಬಿಟ್ಟುಬರಲಿ ಅಂತ. ಆಮೇಲೆ ಮೈದಾ ಅಂಟು ಬಳಿದ ಪೇಪರ್ ಚೂರುಗಳು, ಪದರದ ಮೇಲೆ ಪದರ. ಪೇಪರನ್ನು ಕತ್ತರಿಯಲ್ಲಿ ಕತ್ತರಿಸಬಾರದು, ಕೈಯಲ್ಲೇ ಹರಿಯಬೇಕು. ಹರಿದ ಅಂಚು ಒಂದರ ಮೇಲೊಂದು ಕೂತು ಗೆರೆ ಮಾಯವಾಗುತ್ತದೆ. ಅಂಟಿಗೆ ಚೂರು ಮೈಲುತುತ್ತ ಬೆರೆಸದಿದ್ದರೆ ಹುಳ ತಿನ್ನುತ್ತದೆ. ಅದು ವಿಷ, ಕೈತೊಳೆಯದೆ ಊಟಕ್ಕೆ ಕೂರಬಾರದು ಅನ್ನುವುದನ್ನೂ ಜೊತೆಗೇ ಕಲಿಸಬೇಕು. ನಡುವೆ ಹಳೇ ಪಂಚೆಯ ಒಂದು ಪದರ ಹಾಕಿದರೆ ಗಟ್ಟಿ. ಒಣಗುವುದು ನೆರಳಲ್ಲಿ. ಅವಸರಕ್ಕೆ ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ಇಷ್ಟಾದ ಮೇಲೂ ಅದು ಆ ನಟನ ತಲೆಗೇ ಸರಿಹೋಗಬೇಕು, ರಾತ್ರಿಯಿಡೀ ಕೂತರೂ ಕತ್ತು ನೋಯಬಾರದು, ಗದೆ ಬೀಸುವಾಗ ಜಾರಬಾರದು.

ಬಟ್ಟೆಯ ವಿಚಾರವೂ ಹಾಗೇ. ಅಂಗಡಿಯಲ್ಲಿ ಕಣ್ಣು ಕುಕ್ಕುವ ಕೆಂಪು ಸೀರೆ ನೀಲಿ ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತದೆ. ಎರಡು ದೃಶ್ಯದ ನಡುವೆ ವೇಷ ಬದಲಿಸಬೇಕಾದ ನಟನಿಗೆ ಸಾಲುಗುಂಡಿಯ ಅಂಗಿ ಹೊಲಿದುಕೊಟ್ಟರೆ ಪರದೆಯ ಹಿಂದೆ ಅವನ ಪಾಡು ದೇವರಿಗೇ ಪ್ರೀತಿ. ಇದೆಲ್ಲ ಟೈಲರಿಂಗ್ ತರಬೇತಿಯಲ್ಲಿ ಬರುವುದಿಲ್ಲ.

ನಮ್ಮ ಜಿಲ್ಲೆಗೆ ಈ ವಿದ್ಯೆ ಹೊಸದಲ್ಲ. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಹುಟ್ಟಿದ್ದು ಇಲ್ಲೇ. ಅದನ್ನು ಬೆಳೆಸಿದ ಗುಬ್ಬಿ ವೀರಣ್ಣನವರ 'ಕುರುಕ್ಷೇತ್ರ' ನಾಟಕದಲ್ಲಿ ಆನೆ, ಕುದುರೆಗಳೇ ರಂಗದ ಮೇಲೆ ಬಂದವು. ಅವನ್ನು ಹೊರುವ ರಂಗ ಕಟ್ಟಿದ ಬಡಗಿಗಳು, ಪರದೆ ಬರೆದ ಪೇಂಟರುಗಳು, ದರ್ಜಿಗಳು ಎಲ್ಲರೂ ಕಂಪನಿಯಲ್ಲೇ ಉಂಡು, ಮಲಗಿ, ಹಿರಿಯರ ಕೈ ನೋಡಿ ಕಲಿತವರು. ಕಂಪನಿಗಳು ಕಡಿಮೆಯಾದಂತೆ ಆ ಕಲಿಕೆಯ ಜಾಗವೂ ಹೋಯಿತು. ಬೇರೆ ಜಾಗವನ್ನು ನಾವು ಕಟ್ಟಲಿಲ್ಲ.

ಇವತ್ತಿಗೂ ನಮ್ಮ ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಜೋರಾಗಿ ನಡೆಯುತ್ತದೆ. ಸೀನರಿ ಬಾಡಿಗೆಗೆ ಬರುತ್ತದೆ. ಆದರೆ ಬರೆದ ಪರದೆಗಳ ಜಾಗಕ್ಕೆ ಫ್ಲೆಕ್ಸ್ ಬರುತ್ತಿದೆ. ಲೈಟು ಬಿದ್ದರೆ ಫ್ಲೆಕ್ಸ್ ಹೊಳೆಯುತ್ತದೆ, ಮಡಚಿದಲ್ಲಿ ಬಿಳಿ ಗೆರೆ ಬೀಳುತ್ತದೆ. ಬಾಡಿಗೆಯವರನ್ನು ನಾನು ದೂರುವುದಿಲ್ಲ. ಪರದೆ ಬರೆಯುವವರು ಸಿಗಬೇಕಲ್ಲ! ನೂಲಿಗೆ ಸುಣ್ಣದ ಪುಡಿ ಹಚ್ಚಿ ಗೆರೆ ಹೊಡೆದು, ಚೌಕ ಹಾಕಿ, ಅಂಗೈಯಗಲದ ಚಿತ್ರವನ್ನು ಇಪ್ಪತ್ತಡಿ ಬಟ್ಟೆಗೆ ಏರಿಸುವವರು. ದರ್ಬಾರಿನ ಕಂಬಗಳನ್ನು ಹಿಂದಕ್ಕೆ ಹಿಂದಕ್ಕೆ ಚಿಕ್ಕದು ಮಾಡಿ, ಹತ್ತಡಿ ಆಳದ ಸ್ಟೇಜಿಗೆ ಅರಮನೆಯ ಆಳ ಕೊಡುವವರು. ನನಗೆ ಗೊತ್ತಿರುವ ಇಂಥ ಹಿರಿಯರೆಲ್ಲ ಎಪ್ಪತ್ತು ದಾಟಿದ್ದಾರೆ. ಅವರ ಮಕ್ಕಳು ಈ ಕೆಲಸಕ್ಕೆ ಬಂದಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟು. ವೃತ್ತಿ ರಂಗಭೂಮಿಗೆಂದೇ, ಅಂದರೆ ಕಂಪನಿ ನಾಟಕಗಳಿಗೆಂದೇ, ದಾವಣಗೆರೆಯಲ್ಲಿ ಸರ್ಕಾರ ರಂಗಾಯಣ ಮಾಡಿದೆ. ಕೋರ್ಸನ್ನು ಅಲ್ಲೇ ಶುರು ಮಾಡಬಹುದು. ಎಸ್ಸೆಸ್ಸೆಲ್ಸಿ ಆದವರಿಗೆ ಪ್ರವೇಶ ಕೊಡಿ, ತಿಂಗಳ ಭತ್ಯೆ ಕೊಡಿ. ಬಡವರ ಮನೆಯ ಮಕ್ಕಳು ಒಂದು ವರ್ಷ ಸಂಪಾದನೆ ಬಿಟ್ಟು ಕೂರಲಾರರು. ಅರ್ಧ ವರ್ಷ ಕಾರ್ಯಾಗಾರದಲ್ಲಿ, ಇನ್ನರ್ಧ ಯಾವುದಾದರೂ ಕಂಪನಿ ಅಥವಾ ಮೇಳದ ಜೊತೆ ಕಳೆಯಲಿ.

ಮೇಷ್ಟ್ರು ಯಾರು ಅನ್ನುವುದೇ ದೊಡ್ಡ ಪ್ರಶ್ನೆ. ಇಲ್ಲಿ ದಯವಿಟ್ಟು ಪದವಿಯ ನಿಯಮ ಸಡಿಲಿಸಿ. ಯಕ್ಷಗಾನದ ಭುಜಕೀರ್ತಿ, ಎದೆಕಟ್ಟು ಮಾಡುವವರ ಬಳಿ ಎಂ.ಎ. ಇರುವುದಿಲ್ಲ. ಕೊಪ್ಪಳದ ಹತ್ತಿರ ಕಿನ್ನಾಳದ ಚಿತ್ರಗಾರರು ಹಗುರ ಮರಕ್ಕೆ ಹುಣಸೆಬೀಜದ ಅಂಟು ಬಳಸಿ ಗೊಂಬೆ, ಮೂರ್ತಿ ಮಾಡುತ್ತಾರೆ. ಥರ್ಮಾಕೋಲಿಗೆ ಜೋತುಬಿದ್ದಿರುವ ನಮಗೆ ಅವರಿಂದ ಕಲಿಯುವುದು ಬೇಕಾದಷ್ಟಿದೆ. ಥರ್ಮಾಕೋಲಿಗೆ ಒಂದು ಕಿಡಿ ಸಾಕು, ಧಗ್ಗನೆ ಹತ್ತಿ ಕರಿಹೊಗೆ ಕಾರುತ್ತದೆ. ಬೆಂಕಿ, ಕರೆಂಟು, ಏಣಿಯ ಸುರಕ್ಷತೆ ಪಾಠದ ಮೊದಲ ವಾರದಲ್ಲೇ ಬರಲಿ.

ಕಲಿತವರಿಗೆ ಕೆಲಸ ಎಲ್ಲಿ ಎಂದು ಹಣಕಾಸು ಇಲಾಖೆ ಕೇಳುತ್ತದೆ, ಕೇಳಬೇಕು ಕೂಡ. ಸಿನಿಮಾ, ಧಾರಾವಾಹಿ ಸೆಟ್‌ಗಳಿವೆ. ಶಾಲೆಗಳ ಛದ್ಮವೇಷಕ್ಕೆ ಬಟ್ಟೆ ಬಾಡಿಗೆ ಕೊಡುವ ಅಂಗಡಿಗಳಿವೆ. ಜಾತ್ರೆ, ಮೆರವಣಿಗೆಗಳಿವೆ. ತಾವು ಮನಸ್ಸು ಮಾಡಿದರೆ ಪ್ರತಿ ಜಿಲ್ಲಾ ರಂಗಮಂದಿರದಲ್ಲಿ ಒಬ್ಬ ರಂಗಸಜ್ಜಿಕೆ ಸಹಾಯಕನ ಹುದ್ದೆಯೂ ಆದೀತು. ನಾನು ಕೆಲಸ ಮಾಡಿದ ರಂಗಮಂದಿರಗಳಲ್ಲಿ ಒಂದು ಹಲಗೆ ಕುಯ್ಯಲೂ ಜಾಗ ಇಲ್ಲ. ಹಿಂದಿನ ಅಂಗಳದಲ್ಲಿ, ಮಳೆ ಬಂದರೆ ಕಾರಿಡಾರಿನಲ್ಲಿ ಕೂತು ಸೆಟ್ ಕಟ್ಟುತ್ತೇವೆ.

ಬಾದಾಮಿಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಟೆಂಟ್ ಹಾಕುತ್ತವೆ. ಮುಂದಿನ ಜಾತ್ರೆಗೆ ಇಲಾಖೆಯ ಅಧಿಕಾರಿಗಳನ್ನು ಕಳಿಸಿ. ಮುಂದಿನ ಸಾಲಿನ ಕುರ್ಚಿಗಲ್ಲ, ಪರದೆಯ ಹಿಂದಕ್ಕೆ. ಅಲ್ಲಿ ಪರದೆ ಎಳೆಯುವವರನ್ನು, ಸೀನ್ ಕಟ್ಟುವವರನ್ನು, ಬಟ್ಟೆ ಹೊಲಿಯುವವರನ್ನು ಮಾತಾಡಿಸಲಿ. ಕೋರ್ಸಿನ ಪಠ್ಯ ಬರೆಯಲು ಸಮಿತಿ ಮಾಡುವಾಗ ಪ್ರೊಫೆಸರುಗಳ ಜೊತೆಗೆ ಅವರಲ್ಲಿ ಇಬ್ಬರನ್ನಾದರೂ ಸದಸ್ಯರನ್ನಾಗಿ ಮಾಡಿ, ಬಸ್ ಚಾರ್ಜು, ಭತ್ಯೆ ಕೊಟ್ಟು ಕರೆಸಿಕೊಳ್ಳಿ.

ತಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ತುಮಕೂರು ಜಿಲ್ಲೆಯ ಒಬ್ಬ ಚಿತ್ರಕಲಾ ಶಿಕ್ಷಕ